ಸೋಪು ಯಾಕೆ ಬೆವರತ್ತೆ, ಕ್ಯಾಂಡಲ್ ಯಾಕೆ ಘಮ್ ಅನ್ನಲ್ಲ? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದಿರೋ ಪ್ರಶ್ನೆಗಳೆಲ್ಲ ಮನೇಲಿ ಮಾಡೋ ಸೋಪು ಮತ್ತೆ ಸೆಂಟೆಡ್ ಕ್ಯಾಂಡಲ್ ಬಗ್ಗೆ. ಓದ್ತಾ ಹೋದ್ರೆ ಒಂದು ವಿಷಯ ಎದ್ದು ಕಾಣತ್ತೆ, ಬಹುಪಾಲು ತೊಂದ್ರೆಗಳ ಬುಡದಲ್ಲಿ ಇರೋದು ಎರಡೇ, ಒಂದೋ ಬಿಸಿ ಜಾಸ್ತಿ ಆಗಿದೆ, ಇಲ್ಲಾ ಸೆಂಟು, ಅಂದ್ರೆ ಪರಿಮಳದ ಎಣ್ಣೆ, ಜಾಸ್ತಿ ಸುರಿದಿದಾರೆ. ಅದಕ್ಕೇ ಥರ್ಮಾಮೀಟರ್, ತೂಕದ ಮಷೀನ್ ಅನ್ನೋ ಮಾತು ಪದೇ ಪದೇ ಬಂದ್ರೆ ಬೇಜಾರ್ ಮಾಡ್ಕೋಬೇಡಿ.

ಪ್ರಶ್ನೆ: ಮೆಲ್ಟ್ ಅಂಡ್ ಪೋರ್ ಸೋಪು ಮಾಡಕ್ಕೆ ಈಗ ಶುರು ಮಾಡಿದೀನಿ. ಮನೇಲಿ ಎಲ್ರೂ ‘ರೆಡಿ ಇರೋ ಸೋಪು ಕರಗಿಸಿ ಇನ್ನೊಂದು ಅಚ್ಚಿಗೆ ಹುಯ್ಯೋದು ಯಾವ ದೊಡ್ಡ ವಿದ್ಯೆ’ ಅಂತ ಆಡ್ಕೋತಾರೆ. ಹೌದಾ ಇದು? ಮತ್ತೆ ಇದ್ರಲ್ಲಿ ಕಾಸ್ಟಿಕ್ ಸೋಡಾ ಇರತ್ತಾ, ಕೈ ಸುಡತ್ತಾ?

ಉತ್ತರ: ಅವರು ಹೇಳೋದು ಪೂರ್ತಿ ಸುಳ್ಳೇನಲ್ಲ ಬಿಡಿ. ಎಣ್ಣೆಗೋ ಕೊಬ್ಬಿಗೋ ಕಾಸ್ಟಿಕ್ ಸೋಡಾ, ಅಂದ್ರೆ ಸೋಡಿಯಂ ಹೈಡ್ರಾಕ್ಸೈಡ್ ಬೆರೆತಾಗ ಸೋಪು ಮತ್ತೆ ಗ್ಲಿಸರಿನ್ ಹುಟ್ಟತ್ತೆ, ಸೋಪು ಮಾಡೋದ್ರಲ್ಲಿ ಅಪಾಯದ ಭಾಗ ಅಂದ್ರೆ ಅದೊಂದೇ, ಆ ಕೆಲಸ ನೀವು ತರೋ ಬೇಸ್, ಅಂದ್ರೆ ಕರಗಿಸೋಕೆ ಅಂತಲೇ ಮಾರೋ ಸೋಪಿನ ಗಟ್ಟಿ, ತಯಾರಾಗೋವಾಗ್ಲೇ ಮುಗಿದಿರತ್ತೆ. ಹಾಗಾಗಿ ಕಾಸ್ಟಿಕ್ ನೀವು ಮುಟ್ಟೋ ಪ್ರಮೇಯವೇ ಇಲ್ಲ. ಕೈ ಸುಟ್ರೆ ಅದು ಕರಗಿದ ಬೇಸಿನ ಬಿಸಿಗೇ ಹೊರತು ಸೋಡಾದಿಂದಲ್ಲ. ಎಣ್ಣೆಯಿಂದ ಮಾಡೋ ಕೋಲ್ಡ್ ಪ್ರಾಸೆಸ್ ಸೋಪನ್ನ ಬಳಸೋಕೆ 4ರಿಂದ 6 ವಾರ ಕಾಯ್ಬೇಕು, ಇದು ಗಟ್ಟಿಯಾದ ದಿನಾನೇ ಸ್ನಾನಕ್ಕೆ ರೆಡಿ.

ಆದ್ರೆ ಸ್ನಾನದ ಮಾಮೂಲಿ ಸೋಪು ತಂದು ತುರಿದು ಕರಗಿಸಿ ನೋಡಿ ಅಂತ ಅವರಿಗೇ ಹೇಳಿ. ಅದು ನೀಟಾಗಿ ಕರಗಲ್ಲ, ಗಂಟು ಗಂಟಾಗಿ ಅಂಟು ಮುದ್ದೆ ಆಗತ್ತೆ. ಬೇಸಲ್ಲಿ ಹೆಚ್ಚುವರಿ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್ ಇಂಥದ್ದೆಲ್ಲ ಸೇರಿಸಿರೋದ್ರಿಂದ್ಲೇ ಅದು ಕನ್ನಡಿ ಥರ ಕರಗೋದು, ಪಾರದರ್ಶಕವಾಗಿ ಕಾಣೋದು. ಪಾರದರ್ಶಕ ಸೋಪು ಹೊಸದೇನಲ್ಲ, 1807ರಲ್ಲೇ ಲಂಡನ್ನಲ್ಲಿ ಆಂಡ್ರ್ಯೂ ಪಿಯರ್ಸ್ ಅನ್ನೋರು ಮಾಡಿ ಮಾರಿದ್ರು. ನಿಮ್ಮ ವಿದ್ಯೆ ಇರೋದು ಬಣ್ಣ, ಪರಿಮಳ, ಪದರ, ಬಿಸಿಯ ಹದದಲ್ಲಿ, ಅದೇನು ಸುಲಭ ಅಂತ ಮೊದಲನೇ ಸಲ ಎರಡು ಬಣ್ಣದ ಸೋಪು ಮಾಡಕ್ಕೆ ಹೋದಾಗ ಅವರಿಗೂ ಗೊತ್ತಾಗತ್ತೆ.

ಪ್ರಶ್ನೆ: ಸೋಪು ಅಚ್ಚಿಂದ ತೆಗೆದಾಗ ಚೆನ್ನಾಗೇ ಇರತ್ತೆ, ಬೆಳಗಾಗೋ ಹೊತ್ತಿಗೆ ಮೇಲೆಲ್ಲ ನೀರಿನ ಹನಿ. ಒರೆಸಿದ್ರೆ ಮತ್ತೆ ಬರತ್ತೆ. ಸೋಪು ಕೆಟ್ಟೋಯ್ತಾ?

ಉತ್ತರ: ಕೆಟ್ಟಿಲ್ಲ, ಬೆವರ್ತಾ ಇದೆ ಅಷ್ಟೆ. ಬೇಸಲ್ಲಿರೋ ಗ್ಲಿಸರಿನ್‌ಗೆ ಗಾಳೀಲಿರೋ ತೇವ ಎಳ್ಕೊಳ್ಳೋ ಗುಣ ಇದೆ, ಚರ್ಮಕ್ಕೆ ಅದು ಒಳ್ಳೇದು ಅನ್ನೋದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ, ಬಚ್ಚಲುಮನೆ ಪಕ್ಕದಲ್ಲಿ, ತೇವದ ಗಾಳಿ ಇರೋ ಕಡೆ ಇದು ಜಾಸ್ತಿ. ಸ್ನಾನಕ್ಕೆ ಬಳಸೋಕೆ ಏನೂ ಅಡ್ಡಿಯಿಲ್ಲ, ನೋಡಕ್ಕೆ ಮಾತ್ರ ಚೆನ್ನಾಗಿರಲ್ಲ, ಮೇಲೆ ಸುತ್ತಿದ ಪೇಪರ್ ಒದ್ದೆ ಆಗತ್ತೆ.

ಮುಖ್ಯವಾದ ಉಪಾಯ ಅಂದ್ರೆ ಸೋಪು ತಣ್ಣಗಾಗಿ ಅಚ್ಚಿಂದ ಹೊರಗೆ ಬಂದ ತಕ್ಷಣ ಕ್ಲಿಂಗ್ ಫಿಲ್ಮಲ್ಲಿ ಗಾಳಿ ಸಿಗದ ಹಾಗೆ ಬಿಗಿಯಾಗಿ ಸುತ್ತೋದು. ತಕ್ಷಣ ಅಂದ್ರೆ ತಕ್ಷಣ, ನಾಳೆ ನೋಡೋಣ ಅಂದ್ರೆ ಆಗಲ್ಲ. ಇನ್ನೊಂದು, ಬೇಗ ಗಟ್ಟಿ ಆಗ್ಲಿ ಅಂತ ತುಂಬಾ ಜನ ಫ್ರೀಜರ್‌ಗೆ ಇಡ್ತಾರೆ, ಅದನ್ನ ದಯವಿಟ್ಟು ಬಿಟ್ಬಿಡಿ. ಫ್ರೀಜರಿಂದ ಹೊರಗೆ ಬಂದ ತಣ್ಣನೆ ಸೋಪಿನ ಮೇಲೆ ಕೋಣೆಯ ತೇವ ಹನಿಗಟ್ಟತ್ತೆ, ಆ ಹನೀನ ಗ್ಲಿಸರಿನ್ ಹಿಡಿದಿಟ್ಕೊಂಡು ಬಿಡತ್ತೆ, ಆಮೇಲೆ ಎಷ್ಟು ಒರೆಸಿದ್ರೂ ಅಷ್ಟೆ. ಹೊರಗೇ ಸಮತಟ್ಟಾದ ಜಾಗದಲ್ಲಿಟ್ಟು ಕೆಲವು ಗಂಟೆ ಬಿಡಿ. ಅಚ್ಚಿಂದ ಬರಲ್ಲ ಅಂತ ಹಟ ಮಾಡಿದ್ರೆ ಅಂಚುಗಳನ್ನ ಸ್ವಲ್ಪ ಎಳೆದು ಗಾಳಿ ಹೋಗೋ ಹಾಗೆ ಮಾಡಿ, ಹಿಂದಿಂದ ಹೆಬ್ಬೆರಳಲ್ಲಿ ಒತ್ತಿ. ‘ಲೋ ಸ್ವೆಟ್’ ಅಂತ ಬೇಸುಗಳೂ ಸಿಗತ್ತೆ, ಬೆವರು ಕಮ್ಮಿ, ಪೂರ್ತಿ ಇಲ್ಲ ಅಂತಲ್ಲ.

ಪ್ರಶ್ನೆ: ಅರ್ಧ ಕೆಜಿ ಬೇಸಿಗೆ ಎಷ್ಟು ಹನಿ ಸೆಂಟು ಹಾಕ್ಬೇಕು? ಒಬ್ಬೊಬ್ರು ಒಂದೊಂದು ಲೆಕ್ಕ ಹೇಳ್ತಾರೆ. ಜಾಸ್ತಿ ಹಾಕಿದ್ರೆ ಪರಿಮಳ ತುಂಬಾ ದಿನ ಇರತ್ತೆ ತಾನೆ?

ಉತ್ತರ: ಹನಿ ಲೆಕ್ಕವನ್ನೇ ಮರೆತುಬಿಡಿ. ಒಂದು ಬಾಟ್ಲಿಯ ಹನಿ ಇನ್ನೊಂದರ ಹನಿಯಷ್ಟೇ ಇರಲ್ಲ, ಎಣ್ಣೆ ಗಟ್ಟಿ ಇದ್ರೆ ಒಂದು ಸೈಜು, ತೆಳ್ಳಗಿದ್ರೆ ಇನ್ನೊಂದು. ಗ್ರಾಂನಲ್ಲಿ ತೂಕ ಮಾಡಿ. ಸೋಪಿಗೆ ಸಾಮಾನ್ಯವಾಗಿ ಬೇಸಿನ ತೂಕದ 1ರಿಂದ 3 ಪರ್ಸೆಂಟ್, ನಾನಂತೂ 2ರ ಮೇಲೆ ಹೋಗಿ ಅಂತ ಯಾರಿಗೂ ಹೇಳಲ್ಲ. ಅರ್ಧ ಕೆಜಿಗೆ 2 ಪರ್ಸೆಂಟ್ ಅಂದ್ರೆ 10 ಗ್ರಾಂ ಆಯ್ತು.

ಜಾಸ್ತಿ ಸುರಿದ್ರೆ ಪರಿಮಳ ನಿಲ್ಲಲ್ಲ, ಎಣ್ಣೆ ಮಾತ್ರ ಮೇಲೆ ತೇಲಿ ಬರತ್ತೆ, ಸೋಪು ಮೆತ್ತಗಾಗತ್ತೆ, ನೊರೆ ಕಮ್ಮಿ ಆಗತ್ತೆ, ಎಲ್ಲಕ್ಕಿಂತ ಹೆಚ್ಚಾಗಿ ಚರ್ಮ ಉರಿಯತ್ತೆ. ಸುಗಂಧ ದ್ರವ್ಯಗಳಿಗೆ ಇಂಟರ್‌ನ್ಯಾಷನಲ್ ಫ್ರಾಗ್ರೆನ್ಸ್ ಅಸೋಸಿಯೇಷನ್, ಎಲ್ರೂ ಇಫ್ರಾ ಅಂತಾರಲ್ಲ ಅದು, ಗರಿಷ್ಠ ಮಿತಿ ಗೊತ್ತು ಮಾಡಿದೆ. ಒಳ್ಳೆ ಮಾರಾಟಗಾರರ ಹತ್ರ ಪ್ರತಿ ಸೆಂಟಿಗೂ ಆ ಸರ್ಟಿಫಿಕೇಟ್ ಇರತ್ತೆ, ಅದ್ರಲ್ಲಿ ತೊಳೆದು ಹೋಗೋ ಸೋಪಿನಂಥವಕ್ಕೆ ಕೆಟಗರಿ 9, ಕ್ಯಾಂಡಲ್‌ಗೆ ಕೆಟಗರಿ 12 ಅಂತ ನೋಡ್ಕೊಳ್ಳಿ. ಕೆಲವು ಸೆಂಟುಗಳಿಗೆ ಕೆಟಗರಿ 9ರ ಮಿತಿ 1 ಪರ್ಸೆಂಟಿಗಿಂತ ಕಮ್ಮಿ ಇರೋದೂ ಉಂಟು, ಅಂಥದ್ದಕ್ಕೆ ಮೇಲೆ ಹೇಳಿದ ಲೆಕ್ಕ ನಡಿಯಲ್ಲ, ಸರ್ಟಿಫಿಕೇಟ್ ಹೇಳಿದ್ದೇ ಕೊನೆ. ನ್ಯಾಚುರಲ್ ಅಂತ ಎಸೆನ್ಷಿಯಲ್ ಆಯಿಲ್ ತಂದ್ರೂ ಇದೇ ನಿಯಮ, ದಾಲ್ಚಿನ್ನಿ ಲವಂಗದ ಎಣ್ಣೆಗಳು ಗಿಡದಿಂದ್ಲೇ ಬಂದಿದ್ರೂ ಚರ್ಮಕ್ಕೆ ಚುರುಕ್ ಅನ್ಸೋದ್ರಲ್ಲಿ ಮುಂದು.

ಪ್ರಶ್ನೆ: ತಾಜಾ ಲೋಳೆಸರ, ಹಣ್ಣಿನ ರಸ, ಹಾಲು ಇವನ್ನೆಲ್ಲ ಬೇಸಿಗೆ ಹಾಕ್ಬಹುದಾ? ಕೆಮಿಕಲ್ ಇಲ್ದೇ ಇರೋ ಸೋಪು ಬೇಕು ನಂಗೆ.

ಉತ್ತರ: ಹಾಕ್ಬೇಡಿ. ಬೇಸಲ್ಲಿ ಇರೋದು ಅದರ ಅಳತೆಗೆ ಸರಿಹೊಂದಿಸಿದ ನೀರು, ನೀವು ಹಸಿ ಪದಾರ್ಥ ಹಾಕಿದ್ರೆ ಬೂಸ್ಟು ಹಿಡಿಯತ್ತೆ, ನಾರತ್ತೆ. ಕೋಲ್ಡ್ ಪ್ರಾಸೆಸ್‌ನಲ್ಲಿ ಹಾಲು ಹಾಕ್ತಾರಲ್ಲ ಅಂದ್ರೆ ಅಲ್ಲಿ ಕಾಸ್ಟಿಕ್ ಇರತ್ತೆ, ಇಲ್ಲಿ ಆ ಪ್ರತಿಕ್ರಿಯೆ ಮುಗಿದೇ ಹೋಗಿದೆ. ಬೇಕಾದ್ರೆ ಹಾಲಿನ ಪುಡಿ ಒಂದೆರಡು ಚಮಚ ಗ್ಲಿಸರಿನ್ ಜೊತೆ ಪೇಸ್ಟ್ ಮಾಡಿ ಹಾಕಿ, ನಯವಾದ ಓಟ್ಸ್ ಪುಡಿ, ಕ್ಲೇ ಪುಡಿ ಹಾಕಿ, ಒಣಗಿದ್ದು ಏನೇ ಆದ್ರೂ ಸ್ವಲ್ಪ ಪರವಾಗಿಲ್ಲ. ಹೆಚ್ಚುವರಿ ಎಣ್ಣೆ ಹಾಕೋದಾದ್ರೆ ಅರ್ಧ ಕೆಜಿಗೆ ಒಂದು ಟೀ ಚಮಚ ಸಾಕು, ಅದಕ್ಕಿಂತ ಹೆಚ್ಚಾದ್ರೆ ನೊರೆ ಬರಲ್ಲ. ಕೆಮಿಕಲ್ ಇಲ್ಲದ ಸೋಪು ಅನ್ನೋದು ಮಾತ್ರ ಇಲ್ವೇ ಇಲ್ಲ, ಸೋಪೇ ಒಂದು ಕೆಮಿಕಲ್ಲು.

ಪ್ರಶ್ನೆ: ಎರಡು ಬಣ್ಣದ ಸೋಪು ಮಾಡಿದ್ರೆ ಒಂದ್ಸಲ ಎರಡೂ ಕಲೆತುಹೋಗತ್ತೆ, ಇನ್ನೊಂದ್ಸಲ ಪದರ ಪದರ ಕಿತ್ಕೊಂಡು ಬರತ್ತೆ.

ಉತ್ತರ: ಕಲೆತ್ರೆ ಬೇಗ ಹುಯ್ದಿದೀರಿ, ಕಿತ್ತು ಬಂದ್ರೆ ತಡವಾಗಿ ಹುಯ್ದಿದೀರಿ. ಕೆಳಗಿನ ಪದರದ ಮೇಲೆ ಬೆರಳಿಟ್ರೆ ಕೆನೆ ಗಟ್ಟಿಯಾಗಿದ್ದು ಒಳಗಿನ್ನೂ ಬೆಚ್ಚಗಿರ್ಬೇಕು, ಆಗ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನೋ ಸ್ಪಿರಿಟನ್ನ ಸ್ಪ್ರೇ ಬಾಟ್ಲಿಲಿ ಹಾಕಿ ಮೇಲೆಲ್ಲ ಚಿಮುಕಿಸಿ ತಕ್ಷಣ ಎರಡನೇದು ಹುಯ್ಯಿರಿ, ಅದರ ಬಿಸಿ 50ರಿಂದ 55 ಡಿಗ್ರಿ ಸೆಲ್ಸಿಯಸ್ ಇರ್ಲಿ. ಎತ್ತರದಿಂದ ಧಾರೆ ಬಿಟ್ರೆ ಕೆಳಗಿನದ್ದು ತೂತಾಗತ್ತೆ, ಒಂದು ಚಮಚದ ಬೆನ್ನ ಮೇಲೆ ಹರಿಸಿ. ಮೇಲೆ ಏಳೋ ಗುಳ್ಳೆಗಳಿಗೂ ಇದೇ ಸ್ಪ್ರೇ ಮದ್ದು, ಒಂದ್ಸಲ ಚಿಮುಕಿಸಿದ್ರೆ ಮಾಯ. ಒಲೆ ಉರೀತಿರೋ ಕಡೆ ಮಾತ್ರ ಈ ಸ್ಪ್ರೇ ಎತ್ಲೇಬೇಡಿ.

ಪ್ರಶ್ನೆ: ಗುಲಾಬಿ ಪಕಳೆ ಹಾಕಿದ್ದು ಕಂದು ಬಣ್ಣಕ್ಕೆ ತಿರುಗಿದೆ, ಬಿಳಿ ಸೋಪು ಕೂಡ ಯಾಕೋ ಕಂದು ಆಗಿದೆ, ಕೆಂಪು ಬಣ್ಣ ಪಕ್ಕದ ಪದರಕ್ಕೆ ಹರಡಿದೆ. ಒಂದೇ ಸೋಪಲ್ಲಿ ಇಷ್ಟೂ ಆಗಿದೆ ಮೇಡಂ!

ಉತ್ತರ: ಒಂದೊಂದಾಗಿ ನೋಡೋಣ. ಪಕಳೆ ಒಣಗಿದ್ದೇ ಆದ್ರೂ ಸೋಪಿನ ತೇವಕ್ಕೆ, ಕ್ಷಾರಕ್ಕೆ ಬಣ್ಣ ಕಳ್ಕೊಳ್ಳತ್ತೆ, ಗುಲಾಬಿ ಲ್ಯಾವೆಂಡರ್ ಎರಡೂ ಹಾಗೇ. ತನ್ನ ಬಣ್ಣ ಉಳಿಸ್ಕೊಳ್ಳೋದು ಕ್ಯಾಲೆಂಡುಲಾ ಹೂವಿನ ಎಸಳು, ಅದನ್ನ ಹಾಕಿ. ಬಿಳಿ ಸೋಪು ಕಂದಾಗಿದ್ದಕ್ಕೆ ನಿಮ್ಮ ಸೆಂಟಲ್ಲಿ ವೆನಿಲಿನ್ ಇದೆಯಾ ನೋಡಿ. ವೆನಿಲಾ ಪರಿಮಳ ಕೊಡೋ ಆ ಪದಾರ್ಥ ದಿನ ಕಳೆದ ಹಾಗೆ ಸೋಪನ್ನ ಕಂದು ಮಾಡತ್ತೆ, ಹೆಸರಲ್ಲಿ ವೆನಿಲಾ ಇಲ್ದೇ ಇರೋ ಸಿಹಿ ಸೆಂಟುಗಳಲ್ಲೂ ಅದು ಇರ್ಬಹುದು. ತಡೆಯೋಕೆ ಸ್ಟೆಬಿಲೈಜರ್ ಸಿಗತ್ತೆ, ಆದ್ರೆ ಮೊದಲೇ ಕಂದು ಬಣ್ಣಕ್ಕೆ ಹೊಂದೋ ಡಿಸೈನ್ ಮಾಡ್ಕೊಳ್ಳೋದು ಜಾಣತನ ಅನ್ಸತ್ತೆ ನಂಗೆ. ಕೆಂಪು ಹರಡಿದ್ದು ನೀರಲ್ಲಿ ಕರಗೋ ಬಣ್ಣ ಬಳಸಿದ್ದಕ್ಕೆ, ಅಡುಗೆ ಬಣ್ಣ ಹಾಕಿದ್ರೆ ಹೀಗಾಗತ್ತೆ, ಬೆಳಕಿಗೆ ಮಂಕೂ ಆಗತ್ತೆ. ಕಾಸ್ಮೆಟಿಕ್ ಗ್ರೇಡ್ ಮೈಕಾ ಅಥವಾ ಐರನ್ ಆಕ್ಸೈಡ್ ಪುಡಿ ತಗೊಳ್ಳಿ, ಅವು ಹಾಕಿದ ಜಾಗ ಬಿಟ್ಟು ಕದಲಲ್ಲ. ಮೈಕಾ ತಳಕ್ಕೆ ಕೂತ್ರೆ ಬೇಸ್ ಇನ್ನೂ ತುಂಬಾ ಬಿಸಿ ಇದೆ ಅಂತ ಅರ್ಥ, ಸ್ವಲ್ಪ ದಪ್ಪ ಆಗೋ ತನಕ ಕಲಸ್ತಾ ಇದ್ದು ಹುಯ್ಯಿರಿ.

ಪ್ರಶ್ನೆ: ಕರಗಿಸ್ದಾಗ ಬೇಸ್ ಹಳದಿ ಆಗಿ ರಬ್ಬರ್ ಥರ ಆಯ್ತು, ಒಂಥರಾ ವಾಸನೆ.

ಉತ್ತರ: ಸುಟ್ಟಿದೀರಿ. 70 ಡಿಗ್ರಿ ದಾಟಕ್ಕೆ ಬಿಡ್ಬೇಡಿ, ನೀರಿನಂಶ ಆರಿಹೋಗಿ ಹೀಗಾಗತ್ತೆ. ಒಂದೇ ಸೈಜಿನ ಚಿಕ್ಕ ತುಂಡು ಮಾಡಿ ಡಬಲ್ ಬಾಯ್ಲರಲ್ಲಿ, ಅಂದ್ರೆ ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು, ಮುಚ್ಚಳ ಹಾಕಿ ಕರಗಿಸಿ, ಮೈಕ್ರೋವೇವ್ ಆದ್ರೆ 20-30 ಸೆಕೆಂಡಿಗೊಂದ್ಸಲ ತೆಗೆದು ಕಲಸಿ, ಕೊನೇಲಿ ಉಳಿಯೋ ಸಣ್ಣ ಚೂರುಗಳು ಆ ಬಿಸಿಗೇ ಕರಗತ್ತೆ.

ಪ್ರಶ್ನೆ: ಇನ್ನು ಕ್ಯಾಂಡಲ್ ವಿಷ್ಯ. ಸೋಯಾ ವ್ಯಾಕ್ಸಲ್ಲಿ, ಅಂದ್ರೆ ಸೋಯಾ ಎಣ್ಣೆಯ ಮೇಣದಲ್ಲಿ, ಮಾಡಿದ ಕ್ಯಾಂಡಲ್ ಮೂಗಿನ ಹತ್ರ ಹಿಡಿದ್ರೆ ಘಮ್ ಅನ್ನತ್ತೆ, ಹಚ್ಚಿದ್ರೆ ಏನೂ ಇಲ್ಲ. ಸೆಂಟು ಡಬಲ್ ಹಾಕಿ ನೋಡ್ದೆ, ಆಗ ಬತ್ತಿನೇ ಸರಿಯಾಗಿ ಉರೀಲಿಲ್ಲ. ಏನ್ಮಾಡ್ಲಿ?

ಉತ್ತರ: ಕ್ಯಾಂಡಲ್ ಮಾಡೋ ಎಲ್ರೂ ಎಡವೋ ಜಾಗ ಇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ. ಉರಿಯೋದು ಬತ್ತಿಯಲ್ಲ, ಕರಗಿದ ಮೇಣ ಬತ್ತಿಯಲ್ಲಿ ಮೇಲೇರಿ ಆವಿಯಾಗಿ ಆ ಆವಿ ಉರಿಯತ್ತೆ. ಆದ್ರೆ ಕೋಣೆಗೆ ಬರೋ ಪರಿಮಳ ಆ ಜ್ವಾಲೆಯಿಂದ ಬರೋದಲ್ಲ, ಜ್ವಾಲೆಯ ಸುತ್ತ ಕರಗಿ ನಿಂತಿರ್ತದಲ್ಲ ಮೇಣದ ಕೊಳ, ಅದರ ಮೇಲ್ಮೈಯಿಂದ ಏಳೋದು. ಕೊಳ ಚಿಕ್ಕದಾದ್ರೆ ಪರಿಮಳಾನೂ ಚಿಕ್ಕದು. ಅದಕ್ಕೇ ನಿಮ್ಮ ಸಮಸ್ಯೆ ಸೆಂಟಿನದಲ್ದೇ ಬತ್ತಿಯದು ಇರೋ ಸಾಧ್ಯತೆ ಹೆಚ್ಚು. ಜಾರಿನ ಒಳಗಿನ ಅಗಲ ಅಳೆದು ಅದಕ್ಕೆ ತಕ್ಕ ಬತ್ತಿ ತಗೊಳ್ಳಿ, ಅಗಲದ ಪ್ರತಿ 2.5 ಸೆಂಟಿಮೀಟರಿಗೆ ಸುಮಾರು ಒಂದು ಗಂಟೆಯಂತೆ ಉರಿಸಿದ್ರೆ ಕೊಳ ಅಂಚಿನ ತನಕ ಮುಟ್ಬೇಕು, ಆಳ 1 ಸೆಂಟಿಮೀಟರ್ ಆಸುಪಾಸು. ಒಂಬತ್ತು ಸೆಂಟಿಮೀಟರಿಗಿಂತ ಅಗಲ ಇರೋ ಜಾರಿಗೆ ಒಂದು ಬತ್ತಿ ಸಾಲಲ್ಲ, ಎರಡು ಹಾಕಿ.

ಸೆಂಟಿನ ಲೆಕ್ಕ ಅಂದ್ರೆ, ಸಾಮಾನ್ಯವಾಗಿ ಮೇಣದ ತೂಕದ 6ರಿಂದ 10 ಪರ್ಸೆಂಟ್, ಆದ್ರೆ ನಿಮ್ಮ ವ್ಯಾಕ್ಸ್ ಎಷ್ಟು ಹಿಡಿಯತ್ತೆ ಅಂತ ಪ್ಯಾಕೆಟ್ ಮೇಲೆ ಇರತ್ತೆ, ಅದನ್ನ ಮೀರಬೇಡಿ. 200 ಗ್ರಾಂ ಮೇಣಕ್ಕೆ 8 ಪರ್ಸೆಂಟ್ ಅಂದ್ರೆ 16 ಗ್ರಾಂ. ಹೆಚ್ಚಾಗಿದ್ದು ಮೇಣದಲ್ಲಿ ಸೇರದೆ ಹೊರಗೆ ಜಿನುಗತ್ತೆ, ಬತ್ತಿಯ ದಾರಿ ಕಟ್ಟತ್ತೆ, ನಿಮಗೆ ಆಗಿದ್ದೂ ಅದೇ. ಮೇಲೆ ನಿಂತ ಎಣ್ಣೆಗೆ ಬೆಂಕಿ ತಗಲೋ ಅಪಾಯಾನೂ ಇದೆ. ಸೋಯಾ ಆದ್ರೆ 80-85 ಡಿಗ್ರಿಯಲ್ಲಿ ಸೆಂಟು ಹಾಕಿ ಪೂರ್ತಿ ಎರಡು ನಿಮಿಷ ಮೆಲ್ಲಗೆ ಕಲಸಿ, ಆಮೇಲೆ 55-65ಕ್ಕೆ ಇಳಿದಾಗ ಹುಯ್ಯಿರಿ. ‘ಫ್ಲಾಷ್ ಪಾಯಿಂಟ್ 70 ಅಂತ ಬರೆದಿದೆ, 80ರಲ್ಲಿ ಹಾಕಿದ್ರೆ ಎಲ್ಲ ಹಾರಿಹೋಗತ್ತೆ’ ಅಂತ ಬೇರೆ ಇಬ್ರು ಹೆದರಿ ಬರೆದಿದಾರೆ, ಫ್ಲಾಷ್ ಪಾಯಿಂಟ್ ಅಂದ್ರೆ ಬೆಂಕಿ ತೋರಿಸಿದ್ರೆ ಆವಿ ಹೊತ್ಕೊಳ್ಳೋ ಬಿಸಿ, ಪರಿಮಳ ಹಾರಿಹೋಗೋ ಬಿಸಿ ಅಲ್ಲ. ಹತ್ರ ಬೆಂಕಿ ಇರ್ದೇ ಇದ್ರೆ ಆಯ್ತು.

ಮುಖ್ಯವಾಗಿ ಕಾಯ್ಬೇಕು. ಮಾಡಿದ ಸಂಜೇನೇ ಹಚ್ಚಿ ನೋಡಿ ಬೇಜಾರಾಗ್ಬೇಡಿ, ಪೆಟ್ರೋಲಿಯಂನಿಂದ ಬರೋ ಪ್ಯಾರಾಫಿನ್ ಮೇಣಕ್ಕೆ ಕೆಲವು ದಿನ ಸಾಕು, ಸೋಯಾಗೆ ಮುಚ್ಚಿಟ್ಟು ಒಂದೆರಡು ವಾರ ಬೇಕು. ಪರೀಕ್ಷೆ ಮಾಡೋವಾಗ ಹಚ್ಚಿಟ್ಟು ನೀವು ಬೇರೆ ಕೋಣೆಗೆ ಹೋಗಿ ವಾಪಸ್ ಬನ್ನಿ, ಅಲ್ಲೇ ಕೂತಿದ್ರೆ ಮೂಗು ಒಗ್ಗಿಹೋಗಿ ಏನೂ ಗೊತ್ತಾಗಲ್ಲ, ಒಳಗೆ ಬಂದೋರು ‘ಏನಿಷ್ಟು ಪರಿಮಳ’ ಅಂದ್ರೆ ನಿಮಗೇ ಆಶ್ಚರ್ಯ ಆಗತ್ತೆ.

ಪ್ರಶ್ನೆ: ಬತ್ತಿ ಸುತ್ತ ಬಾವಿ ಥರ ಗುಂಡಿ ಬಿದ್ದು ಅಂಚಿನ ಮೇಣ ಹಾಗೇ ಉಳಿಯತ್ತೆ. ದೊಡ್ಡ ಬತ್ತಿ ಹಾಕಿದ್ರೆ ಜಾರೆಲ್ಲ ಮಸಿ. ಸೋಯಾ ಹೊಗೆ ಬಿಡಲ್ಲ ಅಂತಾರಲ್ವಾ?

ಉತ್ತರ: ಯಾವ ಮೇಣವಾದ್ರೂ ಬತ್ತಿ ಜಾಸ್ತಿ ಆದ್ರೆ ಮಸಿ ಬಿಡತ್ತೆ, ಸೋಯಾಗೇನೂ ವಿನಾಯ್ತಿ ಇಲ್ಲ, ಅದು ಬರೀ ಜಾಹೀರಾತಿನ ಮಾತು. ಗುಂಡಿ ಬಿದ್ರೆ ಬತ್ತಿ ಸಣ್ಣ, ಮಸಿ ಮತ್ತೆ ತುದೀಲಿ ಅಣಬೆ ಥರ ಕರಿ ಗಂಟು ಕಟ್ಟಿದ್ರೆ ಬತ್ತಿ ದಪ್ಪ ಇಲ್ಲಾ ಉದ್ದ. ಒಂದೇ ಜಾರು, ಒಂದೇ ಸೆಂಟು ಇಟ್ಕೊಂಡು ಬತ್ತಿಯ ಎರಡು ಮೂರು ಸೈಜು ಹಾಕಿ ಪಕ್ಕ ಪಕ್ಕ ಉರಿಸಿ ನೋಡೋದು ಬಿಟ್ರೆ ಬೇರೆ ದಾರಿ ಇಲ್ಲ, ಸೆಂಟು ಬದಲಾದ್ರೂ ಬತ್ತಿ ಬದಲಾಗ್ಬಹುದು. ಪ್ರತಿ ಸಲ ಹಚ್ಚೋ ಮುಂಚೆ 6 ಮಿಲಿಮೀಟರಿಗೆ ಕತ್ತರಿಸಿ. ಹಿಂದಿನ ಕಾಲದ ಬತ್ತಿಗಳನ್ನ ಉರೀತಿರೋವಾಗ್ಲೇ ಮತ್ತೆ ಮತ್ತೆ ಕತ್ತರಿಸ್ಬೇಕಿತ್ತು. 1825ರಲ್ಲಿ ಫ್ರಾನ್ಸಿನ ಕ್ಯಾಂಬಸೆರೆಸ್ ಹೆಣೆದ ಬತ್ತಿ ತಂದ, ಅದು ಉರೀತಾ ಬಾಗಿ ತುದಿ ತಾನೇ ಸುಟ್ಟುಹೋಗತ್ತೆ, ಅದಕ್ಕೇ ನಮಗೆ ಈಗ ಒಂದ್ಸಲ ಕತ್ತರಿಸಿದ್ರೆ ಸಾಕು. ಮೊದಲನೇ ಸಲ ಹಚ್ಚಿದಾಗ ಅಂಚಿನ ತನಕ ಕರಗೋವರೆಗೂ ಆರಿಸ್ಬೇಡಿ, ಆದ್ರೆ ಒಟ್ಟಿಗೆ 4 ಗಂಟೆ ಮೀರೋದೂ ಬೇಡ. ತಳದಲ್ಲಿ 1 ಸೆಂಟಿಮೀಟರ್ ಮೇಣ ಉಳಿದಾಗ ನಿಲ್ಲಿಸಿ, ಇಲ್ಲಾಂದ್ರೆ ಗಾಜು ಸೀಳತ್ತೆ.

ಪ್ರಶ್ನೆ: ಕ್ಯಾಂಡಲ್ ಮೇಲೆ ಬಿಳಿ ಬಿಳಿ ಮಚ್ಚೆ, ನಡುವೆ ಹಳ್ಳ. ಗಿಫ್ಟ್ ಕೊಡೋಕೆ ನಾಚಿಕೆ ಆಗತ್ತೆ.

ಉತ್ತರ: ಬಿಳಿ ಮಚ್ಚೆ ಸೋಯಾದ ಹುಟ್ಟುಗುಣ, ಮೇಣ ಹರಳುಗಟ್ಟೋ ರೀತಿ ಅದು, ಉರಿಯೋದಕ್ಕೆ ಏನೂ ತೊಂದ್ರೆ ಇಲ್ಲ. ಬಣ್ಣ ಹಾಕ್ದೇ ಇದ್ರೆ ಕಾಣಿಸೋದೇ ಇಲ್ಲ. ಹಳ್ಳ ಬೀಳೋದು ಮೇಣ ಆರೋವಾಗ ಕುಗ್ಗೋದ್ರಿಂದ. ಸ್ವಲ್ಪ ಮೇಣ ಎತ್ತಿಟ್ಕೊಂಡು ಆರಿದ ಮೇಲೆ ಮೇಲೊಂದು ತೆಳು ಪದರ ಹುಯ್ಯಿರಿ, ಇಲ್ಲಾ ಹೇರ್ ಡ್ರೈಯರಿಂದ ಮೇಲ್ಭಾಗ ಮಾತ್ರ ಕರಗಿಸಿ ಸಮ ಮಾಡಿ.

ಪ್ರಶ್ನೆ: ಸೋಪಿಗೆ ತಂದ ಮೈಕಾ, ಒಣ ಹೂವು, ಮಕ್ಕಳ ಕ್ರೇಯಾನ್ ಇವನ್ನ ಕ್ಯಾಂಡಲಿಗೂ ಹಾಕ್ಬಹುದಲ್ವಾ? ರೂಮ್ ಸ್ಪ್ರೇ ಕೂಡ ಮನೇಲಿದೆ.

ಉತ್ತರ: ನಾಲ್ಕೂ ಬೇಡ. ಮೈಕಾ, ಕ್ರೇಯಾನಿನ ಬಣ್ಣದ ಪುಡಿ ಕರಗಲ್ಲ, ಬತ್ತೀಲಿ ಸಿಕ್ಕಿ ಹಾಕ್ಕೊಳ್ಳತ್ತೆ, ಕ್ಯಾಂಡಲಿಗೆ ಅಂತಾನೇ ಇರೋ ಎಣ್ಣೇಲಿ ಕರಗೋ ಡೈ ತಗೊಳ್ಳಿ. ಒಣ ಹೂವು ಹೊತ್ಕೊಂಡು ಎರಡನೇ ಬತ್ತಿ ಆಗತ್ತೆ, ಫೋಟೋದಲ್ಲಿ ಚೆಂದ ಕಂಡ್ರೂ ಹಚ್ಚೋ ಕ್ಯಾಂಡಲಲ್ಲಿ ಅದು ಇರಬಾರ್ದು. ಸ್ಪ್ರೇ ಅಂದ್ರೆ ಆಲ್ಕೋಹಾಲು ನೀರು, ಮೇಣದಲ್ಲಿ ಬೆರೆಯೋದೂ ಇಲ್ಲ, ಬೆಂಕಿ ಹತ್ರ ಸುಮ್ನಿರೋದೂ ಇಲ್ಲ. ಸೆಂಟಿನ ವಿಷಯಕ್ಕೆ ಬಂದ್ರೆ ಕ್ಯಾಂಡಲಿಗೆ ಅಂತ ಮಾರೋದನ್ನ ಸೋಪಿಗೆ ಹಾಕ್ಲೇಬೇಡಿ, ಎರಡಕ್ಕೂ ಆಗತ್ತೆ ಅಂತ ಸರ್ಟಿಫಿಕೇಟಲ್ಲಿ ಇದ್ರೆ ಮಾತ್ರ.

ಪ್ರಶ್ನೆ: ಮೇಣವನ್ನ ನೇರ ಒಲೆ ಮೇಲಿಟ್ರೆ ಬೇಗ ಕರಗತ್ತೆ, ಹತ್ರಾನೇ ನಿಂತಿರ್ತೀನಿ. ಅಪಾಯನಾ?

ಉತ್ತರ: ಹೌದು. ನೀರಾದ್ರೆ ಕುದ್ದು ಎಚ್ಚರಿಸತ್ತೆ, ಮೇಣ ಕುದಿಯಲ್ಲ, ಸುಮ್ನೆ ಬಿಸಿ ಏರ್ತಾ ಹೋಗಿ ಹೊಗೆ ಬಂದು, 200 ಡಿಗ್ರಿ ಆಸುಪಾಸು ಆದ್ಮೇಲೆ ಒಮ್ಮೆಲೇ ಹೊತ್ಕೊಳ್ಬಹುದು. ಡಬಲ್ ಬಾಯ್ಲರಲ್ಲಿ ನೀರು ಇರೋ ತನಕ 100 ದಾಟಲ್ಲ, ಅದೇ ಅದರ ಉಪಯೋಗ, ನೀರು ಆರದ ಹಾಗೆ ನೋಡ್ಕೊಳ್ಳಿ. ಅಕಸ್ಮಾತ್ ಹೊತ್ಕೊಂಡ್ರೆ ಒಲೆ ಆರಿಸಿ ಮುಚ್ಚಳ ಮುಚ್ಚಿ, ಪಾತ್ರೆ ಎತ್ತಿ ಓಡ್ಬೇಡಿ. ನೀರು ಮಾತ್ರ ಯಾವತ್ತೂ ಹಾಕ್ಬೇಡಿ, ನೀರು ಮೇಣದ ಕೆಳಗಿಳಿದು ಆ ಕ್ಷಣವೇ ಆವಿಯಾಗಿ ಉರಿಯೋ ಮೇಣವನ್ನ ಮೇಲಕ್ಕೆ ಎರಚತ್ತೆ. ಮಕ್ಕಳನ್ನ ಸೇರಿಸ್ಕೊಂಡು ಮಾಡೋದಾದ್ರೆ ಸೋಪೇ ವಾಸಿ, ಅದ್ರಲ್ಲೂ ಹುಯ್ಯೋದು ನೀವು, ಬಣ್ಣ ಆರಿಸೋದು ಅವರು.

ಪ್ರಶ್ನೆ: ಪಾತ್ರೆ ತೊಳೆಯೋದು ಹೇಗೆ? ಮುಗಿದ ಕ್ಯಾಂಡಲ್ ಜಾರು ಬಿಸಾಡೋಕೆ ಮನಸ್ಸಿಲ್ಲ.

ಉತ್ತರ: ಜಾರನ್ನ ಕೆಲವು ಗಂಟೆ ಫ್ರೀಜರಲ್ಲಿಡಿ, ಮೇಣ ಕುಗ್ಗಿ ಬಿಟ್ಕೊಂಡು ಚಾಕು ತುದಿಗೆ ಎದ್ದು ಬರತ್ತೆ, ಗಾಜು ಮಾಮೂಲಿ ಬಿಸಿಗೆ ಬಂದ್ಮೇಲೆ ತೊಳೆಯಿರಿ. ಬಿರುಕು ಕಂಡ್ರೆ ಮತ್ತೆ ಕ್ಯಾಂಡಲ್ಲಿಗೆ ಬೇಡ, ಪೆನ್ನು ಹಾಕಿಡಿ. ಮೇಣದ ಪಾತ್ರೇನ ಬೆಚ್ಚಗಿರೋವಾಗ್ಲೇ ಪೇಪರಲ್ಲಿ ಒರೆಸ್ಬಿಡಿ, ಸಿಂಕಿಗೆ ಸುರಿದ್ರೆ ಪೈಪಲ್ಲಿ ಗಟ್ಟಿಯಾಗಿ ಕೂತ್ಕೊಳ್ಳತ್ತೆ. ಸೋಪಿನ ಪಾತ್ರೆಗೆ ಬಿಸಿನೀರು ಹಾಕಿಟ್ರೆ ಸಾಕು, ಅದು ತನ್ನನ್ನ ತಾನೇ ತೊಳ್ಕೊಳ್ಳತ್ತೆ.